ಬಿಸಿಲಿದ್ದೂ ಬಾರದ ಕರೆಂಟು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಮಕ್ಕಳಿಗೆ ಏನೇನೋ ಹೇಳಿಕೊಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಮಾತ್ರ ನಾನೇ ಕಲಿಯಲಿಲ್ಲ. ಮೇಷ್ಟ್ರುಗಳಿಗೆ ಅಂಟುವ ರೋಗ ಇದು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಬಾಯಿಗೆ ಮೊದಲು ಬರುತ್ತದೆ, ತಲೆಗೆ ಆಮೇಲೆ. ಎದುರಿನವರು ಮತ್ತೊಮ್ಮೆ ಕೇಳಿದರೆ ಸಿಟ್ಟು ಬರುತ್ತದೆ. ಈ ರೋಗದಿಂದ ಇದುವರೆಗೆ ಯಾರೂ ಸತ್ತಿಲ್ಲ, ನನ್ನ ಅಕ್ಕನೂ ಸಾಯಲಿಲ್ಲ. ಆದರೆ ಅವಳ ಮನೆಯಿಂದ ಅವಳನ್ನು ಎಬ್ಬಿಸಿದವನು ನಾನೇ. ಅದೂ, ಅವಳು ಆ ಮನೆಯಲ್ಲೇ ಉಳಿಯಲಿ ಎಂದು ಹೆಣಗಾಡಿದ ವರ್ಷದಲ್ಲೇ.

ಅಕ್ಕನ ಮನೆ ಸಿರುಗುಪ್ಪದಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಬಯಲು ಮಾಳಿಗೆ. ಭಾವ ರೈಸ್‌ಮಿಲ್ಲಿನಲ್ಲಿ ಹಮಾಲಿ. ಅಕ್ಕನಿಗೆ ಅದೇ ಮಿಲ್ಲಿನ ಕಣದಲ್ಲಿ ಕುದಿಸಿದ ಭತ್ತ ಹರವಿ, ಕಾಲಾಡಿಸಿ ಒಣಗಿಸುವ ಕೆಲಸ. ಮಳೆ ಬಂದ ದಿನ ಒಳಗೆ ಹೊಟ್ಟು ಗುಡಿಸುವುದು. ಇಬ್ಬರೂ ಸೇರಿ ಒಂದು ವರ್ಷ ಒಂದು ಕೋಣೆ, ನಾಲ್ಕು ವರ್ಷ ಬಿಟ್ಟು ಇನ್ನೊಂದು ಕೋಣೆ ಎಂದು ಕಟ್ಟಿಕೊಂಡ ಮನೆ ಅದು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಯಾವ ಗೋಡೆಗೆ ಎಷ್ಟು ಬುಟ್ಟಿ ಮರಳು ಹೊತ್ತೆ ಎಂದು ಅಕ್ಕ ಈಗಲೂ ಹೇಳುತ್ತಾಳೆ. ನಾನು ಬಳ್ಳಾರಿಯಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಕುರುಗೋಡಿನ ಶಾಲೆಗೆ ಹೋಗಿ ಬರುವವನು. ನನ್ನದು ಎನ್ನುವ ಗೋಡೆ ನನಗೆ ಇಂದಿಗೂ ಇಲ್ಲ. ಹಾಗಾಗಿ ಅವಳ ಮನೆಯ ಹೆಮ್ಮೆಯಲ್ಲಿ ನನಗೂ ಒಂದು ಪಾಲಿತ್ತು.

ಮಿಲ್ಲಿನ ಧೂಳು ಕುಡಿದ ಅಕ್ಕನ ಎದೆ ಕೊನೆಗೆ ಲೆಕ್ಕ ಕೇಳಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬಳ್ಳಾರಿಯ ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಇನ್ನು ಇದು ಮೆತ್ತಗಾಗುವುದಿಲ್ಲ ಎಂದರು. ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಒಂದು ಮಶಿನ್ ಬರೆದುಕೊಟ್ಟರು. ಸಣ್ಣ ಸೂಟ್‌ಕೇಸಿನಷ್ಟು ದೊಡ್ಡದು. ಅದರಿಂದ ಒಂದು ತೆಳು ಪೈಪು ಮೂಗಿಗೆ. ದಿನಕ್ಕೆ ಹದಿನಾರು ತಾಸು ಹಚ್ಚಿಕೊಂಡಿರಬೇಕು. ಅದು ನಡೆಯುವುದು ಕರೆಂಟಿನಿಂದ.

"ಅಲ್ಲಿ ಕರೆಂಟಿನ ಭರವಸೆ ಇಲ್ಲ. ಇವರನ್ನ ಬಳ್ಳಾರಿಗೆ ಕರಕೊಂಡು ಬಂದುಬಿಡಿ" ಎಂದು ಡಾಕ್ಟರು ನನಗೆ ಹೇಳಿದರು. ಹೊರಗೆ ಬಂದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ನಾ ನಮ್ಮ ಮನಿ ಬಿಟ್ಟು ಬರಂಗಿಲ್ಲ ನೋಡು. ನಿನ್ನ ಬಾಡಿಗಿ ಮನ್ಯಾಗ ಒಂದ್ ಮೂಲ್ಯಾಗ ಕುಂದ್ರಾಕ ನಾ ಏನ್ ಖಾಲಿ ಕೊಡಪಾನ ಏನ್ಲೇ?"

ಅಲ್ಲಿಂದ ನನ್ನ ಕೆಲಸ ಒಂದೇ ಆಯಿತು: ಅಕ್ಕ ತನ್ನ ಮನೆಯಲ್ಲೇ ಇರುವಂತೆ ನೋಡಿಕೊಳ್ಳುವುದು.

ಮೊದಮೊದಲು ಹೇಗೋ ನಡೆಯಿತು. ಒಂದು ಬ್ಯಾಟರಿ, ಒಂದು ಇನ್ವರ್ಟರ್ ತಂದಿಟ್ಟೆ. ಕರೆಂಟು ಹೋದರೆ ಎರಡು ತಾಸು ಮಶಿನ್ನಿಗೆ ತೊಂದರೆ ಇರಲಿಲ್ಲ. ಅದಕ್ಕಿಂತ ಹೆಚ್ಚು ಹೋಗುವ ದಿನ, ಅಂದರೆ ಲೈನ್ ಕೆಲಸ ಎಂದು ಬೆಳಿಗ್ಗೆಯಿಂದ ಸಂಜೆತನಕ ತೆಗೆಯುವ ದಿನ, ಎದುರುಮನೆಯಾಕೆ ಆಟೋ ಕರೆದು ಅಕ್ಕನನ್ನೂ ಮಶಿನ್ನನ್ನೂ ಹಳೆಯ ಮಿಲ್ಲಿಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಜನರೇಟರ್ ಇತ್ತು. ಗುಮಾಸ್ತರ ಕೋಣೆಯ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿ ಕೂರಿಸುತ್ತಿದ್ದರು. ಯಾರೂ ಒಂದು ಮಾತು ಅಂದವರಲ್ಲ, ಚಹಾ ಕೂಡ ತರಿಸಿಕೊಡುತ್ತಿದ್ದರು. ಆದರೂ ಅಕ್ಕನಿಗೆ ಅದು ಮೈಮೇಲೆ ಮುಳ್ಳು. "ದುಡ್ಯಾಕ ಹೋದಾಗ ಎದಿ ಸೆಟದು ಹೊಕ್ಕಿದ್ದೆ. ಈಗ ಮೂಗಿಗೆ ಪೈಪ್ ಹಚ್ಚಿಕೊಂಡು ಬೇಡಾಕ ಹೋದಂಗ ಆಗತೈತಿ" ಎನ್ನುತ್ತಿದ್ದಳು.

ಬಿಲ್ಲಿನ ಕಥೆ ಬೇರೆ. ತಿಂಗಳಿಗೆ ಇನ್ನೂರು ಯೂನಿಟ್ಟಿನ ಒಳಗೆ ಸುಟ್ಟರೆ ಮನೆಗೆ ಬಿಲ್ಲಿಲ್ಲ ಎಂಬ ಸರ್ಕಾರದ ಸೌಲಭ್ಯದಲ್ಲಿ ಅಕ್ಕನಿಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ ಇನ್ನೇನು ಬರಬೇಕು? ಮಶಿನ್ ಬಂದ ಮೇಲೆ ಯೂನಿಟ್ಟು ಗೆರೆ ದಾಟಿತು. ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿಗೆ ಕಟ್ಟಬೇಕು. ಉಸಿರಾಡುವುದಕ್ಕೂ ಮೀಟರು ಇಟ್ಟಿದ್ದಾರೆ ಎಂದು ಅಕ್ಕ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕುರುಗೋಡಿನ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ಮಧ್ಯಾಹ್ನ ಊಟಕ್ಕೆ ಕರೆದರು. ಅವರ ಮನೆ ಮೇಲೆ ಆಗಷ್ಟೇ ಸೋಲಾರ್ ಹಾಕಿಸಿದ್ದರು. ಬಿಲ್ಲು ಎಷ್ಟು ಇಳಿಯಿತು ಎಂದು ದಾರಿಯುದ್ದಕ್ಕೂ ಹೇಳಿದರು. ನಾವು ರೊಟ್ಟಿ ಮುರಿಯುವ ಹೊತ್ತಿಗೆ ಓಣಿಯಲ್ಲೆಲ್ಲ ಕರೆಂಟು ಹೋಯಿತು. ಪಕ್ಕದ ಮನೆಯ ಟೀವಿ ನಿಂತಿತು, ಎದುರಿನ ಹಿಟ್ಟಿನ ಗಿರಣಿ ನಿಂತಿತು. ಮೇಷ್ಟ್ರ ಮನೆಯ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ನಾನು ತಲೆಯೆತ್ತಿ ಫ್ಯಾನು ನೋಡಿದೆ, ಕಿಟಕಿಯಿಂದ ಬಿಸಿಲು ನೋಡಿದೆ. ಇನ್ನು ಕೇಳುವುದೇನಿದೆ? ಬಳ್ಳಾರಿ ಸೀಮೆಯಲ್ಲಿ ನಮಗೆ ದೇವರು ಬೇರೇನು ಕೊಟ್ಟನೋ ಬಿಟ್ಟನೋ, ಬಿಸಿಲಿಗಂತೂ ಬರ ಇಟ್ಟಿಲ್ಲ. ಹಗಲು ಕರೆಂಟು ಹೋದರೂ ಅಕ್ಕನ ಮಶಿನ್ ನಡೆಯುತ್ತದೆ ಎಂದು ಅನ್ನ ಕಲಸುತ್ತಲೇ ತೀರ್ಮಾನಿಸಿಬಿಟ್ಟೆ. ಮೇಷ್ಟ್ರನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವರು ಮೆಟ್ಟಿಲ ಕೆಳಗೆ ಇಟ್ಟಿದ್ದ ಬ್ಯಾಟರಿಯನ್ನು ತೋರಿಸುತ್ತಿದ್ದರು. ಫ್ಯಾನು ತಿರುಗಿಸಿದ್ದು ಅದು. ಮೇಲಿನ ಸೋಲಾರ್ ಅಲ್ಲ.

ಬಳ್ಳಾರಿಯಲ್ಲಿ ಸೋಲಾರ್ ಹಾಕುವ ಗುತ್ತಿಗೆದಾರನೊಬ್ಬನನ್ನು ಹಿಡಿದೆ. ಒಳ್ಳೆಯ ಹುಮ್ಮಸ್ಸಿನ ಮನುಷ್ಯ. ಮೂರು ಕಿಲೋವ್ಯಾಟಿಗೆ ಎರಡು ಲಕ್ಷದ ಆಸುಪಾಸು ಆಗುತ್ತದೆ, ಕೇಂದ್ರದಿಂದ ಎಪ್ಪತ್ತೆಂಟು ಸಾವಿರ ಸಬ್ಸಿಡಿ ಬರುತ್ತದೆ, ಆದರೆ ಅದು ಎಲ್ಲ ಮುಗಿದ ಮೇಲೆ, ಮೊದಲು ನಾವೇ ಹಾಕಬೇಕು ಎಂದು ಬಿಡಿಸಿ ಹೇಳಿದ. ನಾನು ಪಿ.ಎಫ್.ನಿಂದ ತೆಗೆದೆ. ಆ ಇನ್ನೂರು ಯೂನಿಟ್ಟಿನ ಸೌಲಭ್ಯ ಸೋಲಾರ್ ಹಾಕಿದ ಮೇಲೂ ಇರುತ್ತದೋ ಹೋಗುತ್ತದೋ ಎಂದು ಕರೆಂಟಿನ ಆಫೀಸಿನಲ್ಲಿ ಕೇಳಿದರೆ ಒಂದು ಟೇಬಲ್ಲಿನವರು ಇರುತ್ತದೆ ಎಂದರು, ಪಕ್ಕದ ಟೇಬಲ್ಲಿನವರು ಇರಲ್ಲ ಎಂದರು, ಮೂರನೆಯವರು ಊಟಕ್ಕೆ ಹೋಗಿದ್ದರು.

"ಒಂದ್ ಮುಖ್ಯ ಮಾತು ಸರ್" ಎಂದ ಗುತ್ತಿಗೆದಾರ. "ಬಿಲ್ಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮೂರೂ ಒಬ್ಬರದೇ ಹೆಸರಿನ್ಯಾಗ ಇರಬೇಕು. ಇಲ್ಲಾಂದ್ರ ಸಬ್ಸಿಡಿ ಬರಂಗಿಲ್ಲ."

ಮೀಟರು ಭಾವನ ಹೆಸರಿನಲ್ಲಿತ್ತು. ನಮ್ಮ ಕಡೆ ಯಾರೂ ತೀರಿಕೊಂಡವರ ಹೆಸರನ್ನು ಮೀಟರಿನಿಂದ ತೆಗೆಸುವುದಿಲ್ಲ. ತೆಗೆಸಿದರೆ ಆ ಮನುಷ್ಯನನ್ನು ಇನ್ನೊಂದು ಸಲ ಮನೆಯಿಂದ ಹೊರಗೆ ಕಳಿಸಿದ ಹಾಗೆ ಅನಿಸುತ್ತದೆ. ಬಿಲ್ಲು ಕೊಡುವವನು ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು ಆ ಹೆಸರು ಕೂಗುತ್ತಾನೆ, ಒಳಗಿನಿಂದ ಯಾರೋ ಓ ಎನ್ನುತ್ತಾರೆ, ಅಷ್ಟು ಸಾಕು. ಅಕ್ಕ ಒಪ್ಪಲಿಕ್ಕೆ ಹದಿನೈದು ದಿನ ಬೇಕಾಯಿತು. ಮರಣಪತ್ರ, ನಗರಸಭೆಯ ಖಾತೆ, ಛಾಪಾ ಕಾಗದ, ಮತ್ತೆ ಒಂದು ಕಿಲೋವ್ಯಾಟ್ ಇದ್ದ ಕರೆಂಟಿನ ಮಂಜೂರಾತಿಯನ್ನು ಮೂರಕ್ಕೆ ಏರಿಸಲು ಬೇರೆ ಅರ್ಜಿ. ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕುರುಗೋಡಿನಿಂದ ನೇರ ಸಿರುಗುಪ್ಪದ ಬಸ್ಸು ಹತ್ತಿದರೂ, ನಾನು ಹೋಗುವ ಹೊತ್ತಿಗೆ ಆಫೀಸಿನಲ್ಲಿ ಬೀಗ ಹುಡುಕುತ್ತಿರುತ್ತಿದ್ದರು. ಕೊನೆಗೆ ರಜೆ ಹಾಕಿ ಹಾಕಿ ಮುಗಿಸಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬಿಸಿಲು ಮೇಲಿನವನದು; ಅರ್ಜಿ ಕೆಳಗಿನವರದು.

ಹೆಸರು ಬದಲಾದ ಮೊದಲ ಬಿಲ್ಲು ಬಂದ ದಿನ ಅಕ್ಕ ಫೋನು ಮಾಡಿದಳು. ಜೀವನದಲ್ಲಿ ಅವಳ ಹೆಸರು ಕೂಗಿ ಬಾಗಿಲಲ್ಲಿ ಕೊಟ್ಟ ಮೊದಲ ಬಿಲ್ಲು ಅದು. ಬೇಸರವೂ ಇತ್ತು, ಸಂತೋಷವೂ ಇತ್ತು. ಬಿಲ್ಲನ್ನು ದೇವರ ಜಗಲಿಯ ಮೇಲಿಟ್ಟು ಅದಕ್ಕೂ ಒಂದು ಹೂವು ಏರಿಸಿದಳಂತೆ.

ಗುತ್ತಿಗೆದಾರ ಬ್ಯಾಟರಿಯ ಮಾತು ಎತ್ತಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಎತ್ತಿದ. "ಬ್ಯಾಟರಿ ಇರೋದು ಬೇಕೋ, ಇಲ್ಲದ್ದು ಬೇಕೋ ಸರ್? ಬ್ಯಾಟರಿದು ಭಾಳ ದುಬಾರಿ. ಸಬ್ಸಿಡಿ ಮಾತ್ರ ಎರಡಕ್ಕೂ ಅಷ್ಟೇ." ಇಲ್ಲದ್ದೇ ಸಾಕು ಎಂದೆ. ಹಗಲು ಸೂರ್ಯ ಇರುವಾಗ ಬ್ಯಾಟರಿ ಯಾಕೆ, ಬ್ಯಾಟರಿ ಬೇಕಾಗುವುದು ಕತ್ತಲೆಗಲ್ಲವೇ ಎಂದು ಅವನಿಗೇ ಒಂದು ಪಾಠ ಮಾಡಿದೆ. ಅವನು ತಲೆಯಾಡಿಸಿದ. ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಗಳ ಕೆಳಗೆ ಅಕ್ಕನ ಕೈಯಲ್ಲಿ ಸಹಿ ಹಾಕಿಸಿದೆ, ಸಾಕ್ಷಿಯಾಗಿ ನಾನೂ ಹಾಕಿದೆ. ಓದಲಿಲ್ಲ. ಅದು ಸಾಲದೆಂದು ಅಕ್ಕನ ಹಳೆಯ ಬ್ಯಾಟರಿ ಇನ್ವರ್ಟರ್ ಎರಡನ್ನೂ ಅವನಿಗೇ ಕೊಟ್ಟು ಬೆಲೆಯಲ್ಲಿ ಒಂದಿಷ್ಟು ಮುರಿಸಿಕೊಂಡೆ. ಆ ವ್ಯವಹಾರ ನನಗೆ ಬಹಳ ಜಾಣತನದ್ದಾಗಿ ಕಂಡಿತ್ತು. ಬಸ್ಸಿನಲ್ಲಿ ಪಕ್ಕದವನಿಗೂ ಹೇಳಿದ್ದೆ.

ಸೋಲಾರ್ ಮಾಳಿಗೆ ಏರಿದ ದಿನ ಓಣಿಯೆಲ್ಲ ನೋಡಲು ಬಂತು. ಅಕ್ಕ ಮೂಗಿನ ಪೈಪು ತೆಗೆದಿಟ್ಟು, ಎರಡೆರಡು ಮೆಟ್ಟಿಲಿಗೆ ಕೂತು ಕೂತು, ಮೇಲೆ ಬಂದಳು. ನೀಲಿ ಹಲಗೆಗಳಿಗೆ ಕುಂಕುಮ ಹಚ್ಚಿದಳು. ಒಳಗೆ ಗೋಡೆಗೆ ಕೂರಿಸಿದ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಆ ಡಬ್ಬಿ ಬಿಸಿಲಿನ ಕರೆಂಟನ್ನು ಮನೆಯ ಕರೆಂಟು ಮಾಡುತ್ತದೆ, ಉಳಿದದ್ದನ್ನು ಬೀದಿಯ ತಂತಿಗೆ ಕಳಿಸುತ್ತದೆ, ಹೊಸ ಮೀಟರು ಹೋದದ್ದನ್ನೂ ಬಂದದ್ದನ್ನೂ ಬರೆದುಕೊಳ್ಳುತ್ತದೆ ಎಂದು ನಾನು ನೆರೆದವರಿಗೆ ವಿವರಿಸಿದೆ. ಅಷ್ಟು ನನಗೆ ಗೊತ್ತಿತ್ತು.

ಮಾರನೆಯ ವಾರವೇ ಅಕ್ಕ ಮಿಲ್ಲಿನ ಗುಮಾಸ್ತರಿಗೆ ಹೇಳಿ ಕಳಿಸಿದಳು: ನಿಮ್ಮ ಉಪಕಾರ ದೊಡ್ಡದು, ಇನ್ನು ಮುಂದೆ ನಾನು ಬರುವುದಿಲ್ಲ, ನಮ್ಮ ಮನೆಯಲ್ಲೇ ಕರೆಂಟು ಹುಟ್ಟುತ್ತದೆ.

ಸಿರುಗುಪ್ಪದಲ್ಲಿ ಸೋಲಾರ್ ಇಟ್ಟವರಿಗೆ ಒಂದು ಹೆಚ್ಚಿನ ಕೆಲಸವುಂಟು. ಮಿಲ್ಲುಗಳ ಒಲೆಗೆ ಭತ್ತದ ಹೊಟ್ಟೇ ಸೌದೆ. ಅದರ ಕರಿಬೂದಿ ಗಾಳಿಯಲ್ಲಿ ಬಂದು ಮಾಳಿಗೆಗಳ ಮೇಲೆ ಕೂರುತ್ತದೆ. ಒಣಹಾಕಿದ ಬಟ್ಟೆ, ಸಂಡಿಗೆ ಯಾವುದನ್ನೂ ಬಿಡುವುದಿಲ್ಲ. ಎರಡು ದಿನ ಒರೆಸದಿದ್ದರೆ ಹಲಗೆಗಳು ಮಸಿ ಹಿಡಿದ ಹಂಚಿನಂತಾಗಿ ಯೂನಿಟ್ಟು ಬಿದ್ದುಹೋಗುತ್ತಿತ್ತು. ಎದುರುಮನೆಯಾಕೆ ಹತ್ತಿರದ ಕರೂರಿನ ಕಡೆ ಗದ್ದೆ ನಾಟಿಗೆ ಹೋಗುವವಳು. ಕೆಲಸಕ್ಕೆ ಹೊರಡುವ ಮೊದಲು, ಇನ್ನೂ ತಂಪಿರುವಾಗಲೇ, ಕೊಡದಲ್ಲಿ ನೀರು ಹೊತ್ತು ಮೇಲೆ ಹೋಗಿ ಒರೆಸಿ ಬರುತ್ತಿದ್ದಳು. ಅಕ್ಕ ಕೆಳಗೆ ಕೂತೇ "ಮೂಲಿ ಮೂಲಿ ವರಿಸವ್ವಾ" ಎಂದು ಕೂಗುವಳು. ಬೂದಿ ಹೋದರೆ ಕರೆಂಟು ಬರುತ್ತದೆ ಎನ್ನುವುದು ಇಬ್ಬರಿಗೂ, ನನಗೂ, ಮಗ್ಗಿಯಷ್ಟು ಗಟ್ಟಿಯಾಗಿಬಿಟ್ಟಿತ್ತು.

ಬೇಸಿಗೆಯ ಆರಂಭದಲ್ಲಿ ಒಂದು ದಿನ ಪತ್ರಿಕೆಯಲ್ಲಿ ಬಂತು: ಸಿರುಗುಪ್ಪದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಂತಿ ದುರಸ್ತಿ, ಸಾರ್ವಜನಿಕರು ಸಹಕರಿಸಬೇಕು. ಸೋಲಾರ್ ಬಂದ ಮೇಲೆ ಇದೇ ಮೊದಲ ದೊಡ್ಡ ಕಡಿತ. ಸ್ಟಾಫ್‌ರೂಮಿನಲ್ಲಿ ಕೂತು ಅದನ್ನು ಓದಿ ನಾನು ಪತ್ರಿಕೆ ಮಡಚಿಟ್ಟೆ. ಸಹಕರಿಸೋಣ, ನಮಗೇನಂತೆ ಎಂದುಕೊಂಡೆ.

ಹತ್ತೂಕಾಲಿಗೆ ಅಕ್ಕನ ಫೋನು.

"ತಮ್ಮಾ, ಕರೆಂಟ್ ಹೋತು. ಮಶಿನ್ ನಿಂತೈತಿ, ಕುಂಯ್ ಅಂತ ಒದರಾಕ ಹತ್ತೈತಿ."

"ಹೋದ್ರ ಹೋಗ್ಲಿ ಬಿಡಕ್ಕಾ. ಸೋಲಾರ್ ಐತಲ್ಲ."

"ಅದರದೂ ಹಸರು ದೀಪ ಹೋತು. ಕೆಂಪು ಹತ್ತೈತಿ."

"ಡಬ್ಬಿ ಬಾಜೂಕ ಸ್ವಿಚ್ ಐತಲ್ಲ, ಆಫ್ ಮಾಡಿ ಆನ್ ಮಾಡು. ನಂಗ ಕ್ಲಾಸ್ ಐತಿ."

ಹತ್ತು ನಿಮಿಷಕ್ಕೆ ಮತ್ತೆ. ಈ ಸಲ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮೂರು ಸಲ ಆಫ್ ಮಾಡಿ ಆನ್ ಮಾಡಿದಳಂತೆ. "ಈಕಿ... ಆಟೋ ಕರೀತೀನಿ ಅಂತಾಳ. ಮಿಲ್ಲಿಗೆ... ಹೋಗ್ಲೇನು?"

ನನಗೆ ಸಿಟ್ಟು ಬಂತು. ಹತ್ತನೆಯ ತರಗತಿಯ ಮಕ್ಕಳು ನೋಡುತ್ತಿದ್ದಾರೆ ಎನ್ನುವುದನ್ನೂ ಮರೆತು ವರಾಂಡದಲ್ಲಿ ನಿಂತು ಕೂಗಿದೆ.

"ಎರಡು ಲಕ್ಷ ಹಾಕಿ ಮತ್ತ ಮಿಲ್ಲಿನ ಬಾಗಲಿಗೆ ಹೋಗ್ತೀಯೇನು? ಮಂದಿ ನಗಬೇಕಾಗೈತೇನು? ಮ್ಯಾಲ ಇಷ್ಟು ಬಿಸಿಲು ಐತಿ, ಕರೆಂಟು ಬರಲಾರದ ಎಲ್ಲಿ ಹೋಗತೈತಿ? ಬೂದಿ ಕುಂತಿರಬೇಕು. ಆಕಿಗೆ ಮ್ಯಾಲ ಹೋಗಿ ನೀರು ಹಾಕಿ ವರಸಂತ ಹೇಳು. ನೀ ಸುಮ್ನ ಕುಂದ್ರು, ಬರತೈತಿ."

ಅಕ್ಕ ಹೂಂ ಎಂದಳು. ನಾನು ಒಳಗೆ ಹೋಗಿ ಪಾಠ ಮುಂದುವರಿಸಿದೆ. ಫೋನನ್ನು ಸದ್ದಿಲ್ಲದಂತೆ ಮಾಡಿಟ್ಟೆ.

ಆಮೇಲೆ ನಡೆದದ್ದನ್ನು ನಾನು ಎದುರುಮನೆಯಾಕೆಯ ಬಾಯಿಂದ ಕೇಳಿ ತಿಳಿದದ್ದು. ಆ ದಿನ ಅವಳಿಗೆ ನಾಟಿ ಇರಲಿಲ್ಲ. ಅಕ್ಕನ ಹತ್ತಿರ ಇದ್ದವಳು ಅವಳೊಬ್ಬಳೇ. ಅವಳು ನನ್ನ ಮಾತು ನಂಬಿ ಕೊಡ ಹೊತ್ತು ಮಾಳಿಗೆಗೆ ಹೋದಳು. ಬೆಳಿಗ್ಗೆ ಒಮ್ಮೆ ಒರೆಸಿಯೇ ಇದ್ದಳು, ಬೂದಿ ಹೆಚ್ಚೇನೂ ಇರಲಿಲ್ಲ. ಆದರೂ ಮಾಸ್ತರು ಹೇಳಿದ್ದಾರಲ್ಲ. ಏರುಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ನೀರು ಹಾಕಿ, ಸೆರಗು ಸುತ್ತಿದ ಕೈಯಿಂದ ಒಂದೊಂದೇ ಹಲಗೆ ತಿಕ್ಕಿದಳು. ಪ್ರತಿ ಹಲಗೆ ಮುಗಿದಾಗಲೂ ಮೇಲಿನಿಂದ ಕೂಗಿ ಕೇಳಿದಳಂತೆ: "ಬಂತೇನಕ್ಕಾ?" ಮೊದಮೊದಲು ಅಕ್ಕ ಇಲ್ಲ ಎಂದು ಉತ್ತರ ಕೊಟ್ಟಳು. ಆಮೇಲೆ ಕೊಡಲಿಲ್ಲ. ಅಕ್ಕ ದಣಿದು ಸುಮ್ಮನಾಗಿದ್ದಾಳೆ ಎಂದುಕೊಂಡು ಇವಳು ಉಳಿದೆರಡು ಹಲಗೆಗಳನ್ನೂ ತಿಕ್ಕಿ ಮುಗಿಸಿ ಕೆಳಗೆ ಬಂದಳು. ಬಂದು ನೋಡಿದರೆ ಅಕ್ಕನ ತುಟಿ ನೇರಳೆಯಾಗಿತ್ತು, ಕಣ್ಣುಗುಡ್ಡೆ ಮೇಲೆ ಹೋಗಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಸಿರು ಉಳಿಸಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬಳ್ಳಾರಿಗೆ. ನಾನು ಫೋನು ತೆಗೆದು ನೋಡುವ ಹೊತ್ತಿಗೆ ಅದರಲ್ಲಿ ಹದಿನೇಳು ಕರೆ ಬಂದು ನಿಂತಿದ್ದವು. ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೇಗೆ ಬಂದೆ ಎನ್ನುವುದು ನೆನಪಿಲ್ಲ.

ಆಸ್ಪತ್ರೆಯ ಹೊರಗಿನಿಂದ ಗುತ್ತಿಗೆದಾರನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಕೆಟ್ಟ ಮಾಲು ಹಾಕಿದ್ದೀಯ, ಕೇಸು ಹಾಕುತ್ತೇನೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಸರ್, ಮಾಲು ಕೆಟ್ಟಿಲ್ಲ. ಬ್ಯಾಟರಿ ಇಲ್ಲದ್ದು ಬೀದಿ ಕರೆಂಟ್ ಹೋದ್ರ ತಾನೂ ಬಂದ್ ಆಗಬೇಕು. ಅದು ರೂಲು. ಲೈನಿನ್ಯಾಗ ಕರೆಂಟ್ ತೆಗೆದು ಲೈನ್‌ಮನ್ ಕಂಬ ಹತ್ತಿರತಾನ. ನಿಮ್ಮ ಮಾಳಗಿಯಿಂದ ಕರೆಂಟ್ ತಂತಿಗೆ ಹರಿದ್ರ ಅವ ಅಲ್ಲೇ ಸತ್ತು ಹೋಗತಾನ. ಅದಕ್ಕ ಆ ಡಬ್ಬಿ ತಾನಽ ಆರಿಕೊಳ್ಳತೈತಿ. ನೀವು ಸಹಿ ಮಾಡಿದ ಕಾಗದದಾಗ ಇದನ್ನೆಲ್ಲ ಬರದೈತ್ರಿ."

ಕಾಗದವನ್ನು ಆಮೇಲೆ ಶಾಲೆಯ ಇಂಗ್ಲಿಷ್ ಮೇಡಂ ಹತ್ತಿರ ಓದಿಸಿದೆ. ಮೂರನೆಯ ಹಾಳೆಯಲ್ಲಿ ಇತ್ತು, ನನ್ನ ಸಹಿಗಿಂತ ನಾಲ್ಕು ಬೆರಳು ಮೇಲೆ.

ಬೈಯಲು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು. ಸರ್ಕಾರವನ್ನು ಬೈಯೋಣವೆಂದರೆ ಸಬ್ಸಿಡಿ ಹೇಳಿದ ಹಾಗೆ ಅಕ್ಕನ ಖಾತೆಗೆ ಬಂದಿತ್ತು. ರೂಲನ್ನು ಬೈಯೋಣವೆಂದರೆ ಅದು ಒಬ್ಬ ಮನುಷ್ಯನ ಜೀವ ಉಳಿಸುವ ರೂಲು. ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ಆ ಹೊತ್ತಿಗೆ ಸಿರುಗುಪ್ಪದ ಯಾವುದೋ ಕಂಬದ ಮೇಲೆ ಒಬ್ಬ ಲೈನ್‌ಮನ್ ತಂತಿ ಬಿಗಿಯುತ್ತಿದ್ದ, ಸಂಜೆ ಸುಖವಾಗಿ ಮನೆಗೆ ಹೋದ. ಅಷ್ಟು ಸರಿಯಾಗಿ ಕೆಲಸ ಮಾಡಿದ ವ್ಯವಸ್ಥೆಯನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ. ತಪ್ಪಿದವನು ನಾನೊಬ್ಬನೇ.

ಎರಡನೆಯ ದಿನ ಎದುರುಮನೆಯಾಕೆ ಆಸ್ಪತ್ರೆಗೆ ಬಂದಳು. ಅಂಗೈ ತುಂಬ ಬೊಬ್ಬೆ. ನನ್ನನ್ನು ನೋಡಿ ಅತ್ತುಬಿಟ್ಟಳು.

"ನಾ ಇನ್ನಾ ಜಲ್ದಿ ವರಿಸಬೇಕಿತ್ತಣ್ಣಾ. ನೀರು ತರಾಕ ಎರಡು ಸರ್ತಿ ಕೆಳಗ ಇಳಿದೆ. ಅದರಾಗ ತಡ ಆತು."

ಬೂದಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ನೂರು ಸಲ ಒರೆಸಿದ್ದರೂ ಬರುತ್ತಿರಲಿಲ್ಲ, ಅದು ನಿನ್ನ ತಪ್ಪಲ್ಲ, ನನ್ನದು ಎಂದು ಅವಳಿಗೆ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. "ಇರಲಿ ಬಿಡವ್ವಾ" ಎಂದೆ. ಕ್ಷಮಿಸಿದವನ ಹಾಗೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆ ಆಗುತ್ತಿದೆ. ಅವಳ ಮನೆಗೆ ಹೋಗಿ ನಿಜ ಹೇಳುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಆ ಮೂರು ವಾರ ಅವಳು ಉಪವಾಸದ ಹರಕೆ ಹೊತ್ತಿದ್ದಳು.

ಅಕ್ಕ ಉಳಿದಳು. ಆದರೆ ಅಷ್ಟು ಹೊತ್ತು ಉಸಿರು ಸಾಲದೆ ಇದ್ದದ್ದಕ್ಕೆ ಬಲಗೈ ಸೋತಿತು. ಈಗ ಮಶಿನ್ ಇಪ್ಪತ್ನಾಲ್ಕು ತಾಸೂ ಬೇಕು. ಒಬ್ಬಳನ್ನೇ ಬಿಡುವ ಹಾಗಿಲ್ಲ, ಸಿರುಗುಪ್ಪಕ್ಕೆ ಕಳಿಸುವ ಮಾತೇ ಎತ್ತಬೇಡಿ ಎಂದರು ಡಾಕ್ಟರು. ಈ ಸಲ ಅಕ್ಕ ಹೊರಗೆ ಬಂದ ಮೇಲೂ ಜಗಳವಾಡಲಿಲ್ಲ. ಜಗಳಕ್ಕೆ ಬೇಕಾದ ಉಸಿರು ಅವಳಲ್ಲಿ ಇರಲಿಲ್ಲ. ಬಳ್ಳಾರಿಯ ನನ್ನ ಬಾಡಿಗೆ ಮನೆಯ ನಡುಮನೆಯಲ್ಲಿ, ಮೂಲೆಗೆ, ಅವಳ ಮಂಚ ಹಾಕಿದೆವು.

ಸಿರುಗುಪ್ಪದ ಸೋಲಾರನ್ನಾದರೂ ಬಿಚ್ಚಿ ತರೋಣವೆಂದು ಕೇಳಿದೆ. ಸಬ್ಸಿಡಿ ಪಡೆದದ್ದು ಆ ಮನೆಗೆ, ಆ ಮೀಟರಿಗೆ. ಇಲ್ಲಿಗೆ ತರಬೇಕೆಂದರೆ ಮತ್ತೆ ಎಲ್ಲ ಅರ್ಜಿ ಹೊಸದು ಎಂದರು. ಮೇಲಾಗಿ ನಮ್ಮ ಬಾಡಿಗೆ ಮನೆಯ ಮಾಳಿಗೆ ಮಾಲೀಕರದು. ಅಲ್ಲಿ ಬಟ್ಟೆ ಒಣಹಾಕಲಿಕ್ಕೇ ಅವರ ಅಪ್ಪಣೆ ಬೇಕು. ಬ್ಯಾಟರಿ ಮತ್ತೆ ಕೊಂಡೆ, ಎರಡು. ಅಕ್ಕನ ಮಂಚದ ಕೆಳಗಿವೆ. ಅಟ್ಟ ಮೇಲೆ ಒಲೆ ಉರಿಯಿತು.

ಗುತ್ತಿಗೆದಾರ ಅಕ್ಕನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಸೋಲಾರ್ ದಿನಕ್ಕೆ ಎಷ್ಟು ಯೂನಿಟ್ ಮಾಡಿತು ಎಂದು ಅದರಲ್ಲಿ ಕಾಣುತ್ತದೆ. ತನ್ನ ಮನೆಯಲ್ಲಿದ್ದಾಗ ಅವಳು ಅದನ್ನು ತೆರೆದವಳೇ ಅಲ್ಲ. ಈಗ ದಿನವೂ ಸಂಜೆ ಎಡಗೈಯಲ್ಲಿ ಫೋನು ಹಿಡಿದು ನನ್ನ ಮುಂದೆ ಚಾಚುತ್ತಾಳೆ, ನಾನು ಅಂಕಿ ಓದಿ ಹೇಳಬೇಕು. ಎದುರುಮನೆಯಾಕೆ ಈಗಲೂ ಬೆಳಿಗ್ಗೆ ಬೂದಿ ಒರೆಸುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಮನೆಯಲ್ಲಿ ಕರೆಂಟು ಸುಡುವವರು ಯಾರೂ ಇಲ್ಲ. ಮಾಡಿದ್ದೆಲ್ಲ ಬೀದಿಯ ತಂತಿಗೆ ಹೋಗುತ್ತದೆ. ಒಂದು ಸಂಜೆ ಹದಿನಾಲ್ಕು ಯೂನಿಟ್ ಎಂದೆ. ಅಕ್ಕ ಫೋನನ್ನು ದಿಂಬಿನ ಕೆಳಗಿಟ್ಟಳು.

"ಮನ್ಯಾಗ ಯಾರೂ ಇಲ್ಲದಾಗ ಎಷ್ಟ್ ಚಲೋ ಮಾಡತೈತಿ ನೋಡು" ಎಂದಳು.

ಅವತ್ತು ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಡ್ರಾಯಿಂಗ್ ಮೇಷ್ಟ್ರ ಫ್ಯಾನು, ಓದದೆ ಹಾಕಿದ ಸಹಿ, ರೂಲು, ಬೂದಿಯ ಮಾತು ನಾನು ಬಾಯಿಗೆ ಬಂದದ್ದು ಹೇಳಿದ್ದೆಂಬುದು. ನನಗೇ ಗೊತ್ತಿಲ್ಲದೆ ನಿನ್ನನ್ನು ಕೂರಿಸಿದೆ ಅಕ್ಕಾ, ಅಲ್ಲಿ ಕರೆಂಟು ಬರುವುದೇ ಇರಲಿಲ್ಲ ಎಂದೆ. ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಬದುಕುತ್ತಿದ್ದೆ.

"ಬರಂಗಿಲ್ಲಂತ ನನಗ ಆವಾಗಽ ಗೊತ್ತಾಗಿತ್ತೋ ತಮ್ಮಾ" ಎಂದಳು. ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾ ಹೇಳಿದಳು. "ಎರಡನೇ ಸಲ ಫೋನ್ ಮಾಡಿದಾಗ... ಚಪ್ಪಲಿ ಹಾಕ್ಕೊಂಡಽ ಮಾಡಿದ್ದೆ. ಮಿಲ್ಲಿಗೆ ಹೋಗಿಬಿಡಬೇಕಂತ. ನೀ ಒದರಿದಿ. ಹೋದ್ರ ಇವ ಸಿಟ್ಟಾಗತಾನ... ಅಷ್ಟು ಓಡ್ಯಾಡಿ ಮಾಡ್ಯಾನ, ಮನಸಿಗೆ ಹತ್ತತೈತಿ ಅಂತ... ಚಪ್ಪಲಿ ಬಿಚ್ಚಿಟ್ಟು ಕುಂತೆ."

ಅಷ್ಟು ಹೇಳಿ ದಣಿದು ಕಣ್ಣು ಮುಚ್ಚಿಕೊಂಡಳು. ಅವತ್ತಿನಿಂದ ನಾನು ಅವಳೆದುರು ದನಿ ಏರಿಸಿಲ್ಲ. ಈಗ ಏರಿಸದೆ ಇದ್ದು ಯಾರಿಗೇನು ಬಂತು?